ಗ್ರೀಕ್ ಅಕ್ಷರಕ್ಕೆ ಆದಿತಾಳ: ಡಿಸ್ಲೆಕ್ಸಿಯಾ ಇರುವ ಹುಡುಗಿ ಅಮೆರಿಕದಲ್ಲಿ ಸೊರಾರಿಟಿ ಸೇರುವುದು ಹೇಗೆ?

"ಚಿಕ್ಕಮ್ಮಾ, ನಾನು ರಶ್‌ಗೆ ಹೋಗ್ತೀನಿ" ಅಂತ ಅಕ್ಕನ ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಸಂಜೆ ಆರು ಗಂಟೆಯ ಮೆಜೆಸ್ಟಿಕ್. ಆಮೇಲೆ ನೋಡಿದರೆ ನನ್ನ ಊಹೆ ಅಷ್ಟೇನೂ ತಪ್ಪಿರಲಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಸೊರಾರಿಟಿಗಳು, ಅಂದರೆ ಹುಡುಗಿಯರ ಸಂಘಗಳು, ಹೊಸ ಹುಡುಗಿಯರನ್ನು ಆರಿಸಿಕೊಳ್ಳುವ ವಾರಕ್ಕೆ ರಶ್ ಅನ್ನುತ್ತಿದ್ದರು. ಈಗ ಅದರ ಅಧಿಕೃತ ಹೆಸರು ರಿಕ್ರೂಟ್‌ಮೆಂಟ್. ಹುಡುಗಿಯರ ಬಾಯಲ್ಲಿ ಇನ್ನೂ ರಶ್ಶೇ.

ಅವಳು ಬೆಂಗಳೂರಲ್ಲಿ ಪಿಯುಸಿ ಮುಗಿಸಿ, ನಾನಿರುವ ಅಮೆರಿಕಕ್ಕೆ ಓದಲು ಬಂದವಳು. ಐದನೇ ಕ್ಲಾಸಿನಲ್ಲೇ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯುವುದು ಕಷ್ಟವಾಗುವ ಕಲಿಕೆಯ ತೊಂದರೆ, ಅಂತ ಗೊತ್ತಾಗಿತ್ತು. ಮಾತು ಅರಳು ಹುರಿದ ಹಾಗೆ, ಓದು ಎತ್ತಿನ ಗಾಡಿ. "ಇವಳಿಗೆ ಓದೋದೇ ಕಷ್ಟ, ಅದರ ಮೇಲೆ ಈ ಸಂಘ ಬೇರೆ ಯಾಕೆ?" ಅಂತ ಅಕ್ಕ ಬೆಂಗಳೂರಿಂದ ಗೊಣಗಿದಳು. ನಾನೂ ಒಳಗೊಳಗೆ ಹಾಗೇ ಅಂದುಕೊಂಡೆ.

ಆದರೆ ಸೊರಾರಿಟಿ ಸೇರುವಾಗ ಕಾಡುವುದು ಪಠ್ಯಪುಸ್ತಕವಲ್ಲ ಅಂತ ಬೇಗ ಗೊತ್ತಾಯಿತು. ಗದ್ದಲ, ನೂರಾರು ಹೆಸರು, ಬಾಯಿಪಾಠ, ದಿನಕ್ಕೆ ನಾಲ್ಕು ಸಲ ಬದಲಾಗುವ ಟೈಮ್‌ಟೇಬಲ್, ಇವು ಕಾಡುತ್ತವೆ. ಇದರಲ್ಲಿ ಒಂದೊಂದಕ್ಕೂ ಉಪಾಯ ಇದೆ. ತನಗೆ ಏನು ಬೇಕು ಅಂತ ಹುಡುಗಿಯೇ ಬಾಯಿಬಿಟ್ಟು, ಸಾಕಷ್ಟು ಮುಂಚೆ ಕೇಳಬೇಕು, ಅಷ್ಟೇ. ಈ ಲೇಖನ ಉದ್ದ ಅನಿಸಿದರೆ ಫೋನಿಗೆ ಓದಿ ಹೇಳಲು ಬಿಡಿ. ಅವಳು ಎಲ್ಲವನ್ನೂ ಹಾಗೇ ಓದುತ್ತಾಳೆ.

ಯಾವ ಬಾಗಿಲು ಅಂತ ಮೊದಲು ನೋಡಿಕೊಳ್ಳಿ

ಸೊರಾರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ. ಲ್ಯಾಟಿನ್‌ನಲ್ಲಿ ಸೊರೊರ್ ಅಂದರೆ ಅಕ್ಕ ಅಥವಾ ತಂಗಿ. 1874ರಲ್ಲಿ ಸಿರಾಕ್ಯೂಸ್‌ನಲ್ಲಿ ಹುಟ್ಟಿದ ಗಾಮಾ ಫೈ ಬೀಟಾವನ್ನು ಮೊದಲು ಆ ಹೆಸರಿನಿಂದ ಕರೆದದ್ದು. ಹೆಸರಲ್ಲಿ ಗ್ರೀಕ್ ಅಕ್ಷರಗಳಿರುತ್ತವೆ. ಅದು ಬಿಟ್ಟರೆ ಗ್ರೀಸ್ ದೇಶಕ್ಕೂ ಇವರಿಗೂ ಏನೂ ಸಂಬಂಧ ಇಲ್ಲ.

ಎಲ್ಲಾ ಸೊರಾರಿಟಿಗೂ ಒಂದೇ ದಾರಿ ಅಂದುಕೊಳ್ಳಬೇಡಿ. ದೊಡ್ಡ ಬಂಗಲೆ, ಬಾಗಿಲಲ್ಲಿ ನಿಂತು ಹಾಡುವ ಹುಡುಗಿಯರು ಅಂತ ವಿಡಿಯೋಗಳಲ್ಲಿ ನೋಡುತ್ತೀರಲ್ಲ, ಅವು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ಗೆ ಸೇರಿದ 26 ಸೊರಾರಿಟಿಗಳು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಒಂದೇ ಸೀಸನ್ನಿಗೆ 2,000ಕ್ಕೂ ಜಾಸ್ತಿ ಹುಡುಗಿಯರು ಇವುಗಳ ರಿಕ್ರೂಟ್‌ಮೆಂಟ್‌ಗೆ ಬರುತ್ತಾರೆ. ಕಪ್ಪು ವಿದ್ಯಾರ್ಥಿನಿಯರು ಕಟ್ಟಿದ ಸೊರಾರಿಟಿಗಳ ಪರಂಪರೆ ಬೇರೆ. ಕಮಲಾ ಹ್ಯಾರಿಸ್ ಸೇರಿದ್ದ ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು.

ನಮ್ಮ ಕಡೆಯ ಹುಡುಗಿಯರು ವಿಚಾರಿಸುವುದು ದಕ್ಷಿಣ ಏಷ್ಯಾದ ಸೊರಾರಿಟಿಗಳನ್ನು. ಡೆಲ್ಟಾ ಫೈ ಒಮೆಗಾ, ಸಿಗ್ಮಾ ಸಿಗ್ಮಾ ರೋ, ಕಪ್ಪಾ ಫೈ ಗಾಮಾ, ಮೂರೂ 1998ರಲ್ಲೇ ಹುಟ್ಟಿದವು. ಇವುಗಳಲ್ಲಿ ಒಂದೊಂದು ಕ್ಯಾಂಪಸ್ಸಿನಲ್ಲಿ ಹತ್ತಿಪ್ಪತ್ತು ಜನ ಇದ್ದರೂ ಇದ್ದರು, ಇನ್ನೂರು ಹೆಸರು ನೆನಪಿಡಬೇಕಿಲ್ಲ. ಆದರೆ ಬಾಯಿಪಾಠ ಜಾಸ್ತಿ. ಇತಿಹಾಸ, ಸ್ಥಾಪಕಿಯರ ಹೆಸರು, ಘೋಷಣೆಗಳು, ಕೊನೆಗೆ ಎಲ್ಲರೆದುರು ಸಾಲಾಗಿ ನಿಂತು ಒಪ್ಪಿಸುವ ಕಾರ್ಯಕ್ರಮ. ಗದ್ದಲ ತಡೆಯದ ಹುಡುಗಿಗೆ ಇದು ಒಳ್ಳೆಯದು. ಬಾಯಿಪಾಠ ಅಂದರೆ ಕೈಕಾಲು ನಡುಗುವವಳಿಗೆ ಆ 26ರಲ್ಲಿನ ದೊಡ್ಡ ಮನೆಯೇ ವಾಸಿ. (ಸೊರಾರಿಟಿಗೆ ಇಲ್ಲಿ ಮನೆ ಅಂತಲೂ ಅನ್ನುತ್ತಾರೆ.)

ಬೇಸಿಗೆಯಲ್ಲೇ ಕಾಗದ ಸರಿ ಮಾಡಿಕೊಳ್ಳಿ

ಇದು ಬೇಜಾರಿನ ಕೆಲಸ, ಆದರೆ ಇದನ್ನು ಮುಂದೂಡಿದರೆ ಮಿಕ್ಕಿದ್ದೆಲ್ಲ ತಡವಾಗುತ್ತದೆ.

ಕಲಿಕೆಯ ತೊಂದರೆ ಇದ್ದು ಅಮೆರಿಕದಲ್ಲೇ ಶಾಲೆ ಓದಿದ ಮಗುವಿಗೆ ಸಾಮಾನ್ಯವಾಗಿ ಐಇಪಿ ಅಂತ, ಅವಳಿಗೆಂದೇ ಮಾಡಿದ ಒಂದು ಕಲಿಕಾ ಯೋಜನೆ ಇರುತ್ತದೆ. ಹೈಸ್ಕೂಲ್ ಮುಗಿದ ದಿನ ಅದೂ ಮುಗಿಯಿತು. ಕಾಲೇಜಿನಲ್ಲಿ ಕೆಲಸಕ್ಕೆ ಬರುವುದು 1973ರ ರಿಹ್ಯಾಬಿಲಿಟೇಷನ್ ಕಾಯ್ದೆಯ 504ನೇ ಸೆಕ್ಷನ್ ಮತ್ತು 1990ರ ಎಡಿಎ, ಎರಡೂ ಅಂಗವಿಕಲರ ವಿರುದ್ಧ ತಾರತಮ್ಯ ತಡೆಯುವ ಕಾನೂನುಗಳು. ಶಾಲೆಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಶಾಲೆಯವರು ತಾವೇ ಹುಡುಕಿಕೊಂಡು ಬಂದು ಸಹಾಯ ಮಾಡಬೇಕಿತ್ತು. ಕಾಲೇಜಿನಲ್ಲಿ ವಿದ್ಯಾರ್ಥಿನಿಯೇ ಡಿಸಬಿಲಿಟಿ ಆಫೀಸಿಗೆ ಹೋಗಿ ಕೇಳಬೇಕು. ಅಮ್ಮ ಫೋನ್ ಮಾಡಿದರೆ ನಯವಾಗಿಯೇ ಇಟ್ಟುಬಿಡುತ್ತಾರೆ, ಯಾಕೆಂದರೆ ಕಾಲೇಜಿಗೆ ಸೇರಿದ ಮೇಲೆ ಆ ದಾಖಲೆಯ ಹಕ್ಕೆಲ್ಲ ಮಗಳದು.

ಕರ್ನಾಟಕದಿಂದ ಬರುವವರು ಗಮನಿಸಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಕಲಿಕಾ ನ್ಯೂನತೆ ಸೇರಿದೆ, ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಪತ್ರವೂ ಸಿಕ್ಕಿರುತ್ತದೆ. ಆ ಒಂದು ಪುಟದ ಪತ್ರ ಇಲ್ಲಿ ಸಾಲುವುದಿಲ್ಲ. ಯಾವ ಪರೀಕ್ಷೆ ಮಾಡಿದರು, ಎಷ್ಟು ಅಂಕ ಬಂತು, ಏನು ಸಲಹೆ ಕೊಟ್ಟರು ಅಂತ ವಿವರವಾಗಿ ಇಂಗ್ಲಿಷಿನಲ್ಲಿರುವ ಪೂರ್ತಿ ರಿಪೋರ್ಟ್ ಬೇಕು. ಐದನೇ ಕ್ಲಾಸಿನ ರಿಪೋರ್ಟ್ ಇಟ್ಟುಕೊಂಡು ಬಂದ ನಮ್ಮ ಹುಡುಗಿಗೆ "ಇದು ಹಳೆಯದು" ಅಂದರು. ಇಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಲು ಹೋದರೆ ಸಾವಿರಾರು ಡಾಲರ್. ರಜೆಗೆ ಊರಿಗೆ ಹೋಗಿ ಮಾಡಿಸಿಕೊಂಡು ಬಂದಳು. ವಿಮಾನ ಹತ್ತುವ ಮೊದಲೇ ಬೆಂಗಳೂರಲ್ಲಿ ಒಂದು ಸಲ ಮಾಡಿಸಿಬಿಡಿ. ಯಾವ ಪರೀಕ್ಷೆ ಒಪ್ಪುತ್ತೀರಿ ಅಂತ ಕಾಲೇಜಿಗೆ ಮೊದಲೇ ಇಮೇಲ್ ಮಾಡಿ ಕೇಳಿ.

ಇನ್ನೊಂದು ಮಾತು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿರುವವರು ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಸೊರಾರಿಟಿ, ಓದು ಎರಡೂ ಭಾರ ಆಯಿತು ಅಂತ ಯಾರನ್ನೂ ಕೇಳದೆ ಒಂದು ಕೋರ್ಸ್ ಬಿಟ್ಟುಬಿಟ್ಟರೆ ವೀಸಾಗೇ ಕುತ್ತು. ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ.

ರಿಕ್ರೂಟ್‌ಮೆಂಟ್ ನಡೆಸುವವರಿಗೆ ಎರಡು ಪತ್ರ

ಸೊರಾರಿಟಿಯ ವಿಷಯ ನೋಡಿಕೊಳ್ಳುವ ಒಂದು ಆಫೀಸ್ ಕಾಲೇಜಿನಲ್ಲಿರುತ್ತದೆ, ಫ್ರಟರ್ನಿಟಿ ಅಂಡ್ ಸೊರಾರಿಟಿ ಲೈಫ್ ಅನ್ನುವ ಹೆಸರಿನಲ್ಲೋ ಅದರ ಹತ್ತಿರದ ಇನ್ನೊಂದರಲ್ಲೋ. ಒಂದು ಇಮೇಲ್ ಅವರಿಗೆ, ಅದರದೇ ಪ್ರತಿ ಡಿಸಬಿಲಿಟಿ ಆಫೀಸಿಗೆ. ರಿಕ್ರೂಟ್‌ಮೆಂಟ್‌ಗೆ ಮೂರು ನಾಲ್ಕು ವಾರ ಇರುವಾಗಲೇ ಕಳಿಸಿ.

ಪತ್ರದಲ್ಲಿ ರೋಗದ ಕಥೆ ಬರೆಯುತ್ತಾ ಕೂರಬೇಡಿ. ಬೇಕಾದ್ದನ್ನು ಬರೆಯಿರಿ. ನಮ್ಮವಳು ಕೇಳಿದ್ದು ನಾಲ್ಕೇ ನಾಲ್ಕು: ಪ್ರತಿದಿನದ ವೇಳಾಪಟ್ಟಿ ಹಿಂದಿನ ರಾತ್ರಿಯೇ ಬೇಕು, ಫೋಟೋ ರೂಪದಲ್ಲಿ ಬೇಡ, ಫೋನ್ ಓದಬಹುದಾದ ಅಕ್ಷರದಲ್ಲಿ ಬೇಕು. ಮನೆಗಳ ನಕ್ಷೆ ಬೇಕು. ಒಂದೊಂದು ಮನೆ ಆದಮೇಲೆ ಹೊರಗೆ ಎರಡು ನಿಮಿಷ ನಿಲ್ಲಲು ಬಿಡಬೇಕು. ಕೊನೆಯಲ್ಲಿ ಸಹಿ ಹಾಕುವ ಒಪ್ಪಂದದ ಪ್ರತಿಯನ್ನು ಮುಂಚೆಯೇ ಕೊಡಬೇಕು. ನಾಲ್ಕಕ್ಕೂ ಒಪ್ಪಿದರು. ಕೇಳದೇ ಇದ್ದಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಕಾನೂನಿನ ಬಗ್ಗೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಕಾಲೇಜು ನಡೆಸುವ ವ್ಯವಸ್ಥೆಯ ಮಟ್ಟಿಗೆ ಕೇಳಲು ನಿಮಗೆ ಗಟ್ಟಿ ನೆಲೆ ಇದೆ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ಸೊರಾರಿಟಿಯವರ ಇಷ್ಟ, ಮತ್ತು ಎಡಿಎ ಖಾಸಗಿ ಕ್ಲಬ್ಬುಗಳನ್ನು ಹೊರಗಿಟ್ಟಿದೆ. ಕೋರ್ಟಿಗೆ ಹೋಗಿ ಗೆಳತಿಯರನ್ನು ಸಂಪಾದಿಸಲು ಆಗುತ್ತಾ?

ಅಂಕದ ಕಟ್ಟುಪಾಡೂ ಇದೆ. ಹೆಚ್ಚಿನ ಸೊರಾರಿಟಿಗಳು ಇಷ್ಟು ಜಿಪಿಎ (ಸರಾಸರಿ ಅಂಕ) ಇರಲೇಬೇಕು ಅಂತ ಗೆರೆ ಎಳೆದಿರುತ್ತವೆ. ಒಂದು ಕೂದಲು ಕಮ್ಮಿ ಇದ್ದರೂ ಮಾತಾಡಿಸದೆ ಕೈಬಿಡಬಹುದು. ಆ ಗೆರೆ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ಖರ್ಚನ್ನೂ ಕೇಳಿ. ಸೆಮಿಸ್ಟರ್‌ಗೆ ಕೆಲವು ನೂರು ಡಾಲರ್‌ನಿಂದ ಹಿಡಿದು ಕೆಲವು ಸಾವಿರದವರೆಗೂ ಆಗುತ್ತದೆ. ಲೆಕ್ಕ ತಲೆಗೆ ಹತ್ತದ ಡಿಸ್‌ಕ್ಯಾಲ್ಕುಲಿಯಾ ಇರುವವರು ಕಂತು ತಾನಾಗಿಯೇ ಕಟ್ ಆಗುವ ಹಾಗೆ ಮಾಡಿಕೊಳ್ಳಿ. ಇಲ್ಲಿ ತಡವಾದರೆ ದಂಡ.

ಆ ವಾರ

ಮೊದಲ ಸುತ್ತಿನಲ್ಲಿ ಎಲ್ಲಾ ಮನೆಗಳಿಗೂ ಹೋಗಬೇಕು. ಆಮೇಲೆ ಸೇವಾಕಾರ್ಯದ ಸುತ್ತು, ಸಿಸ್ಟರ್‌ಹುಡ್ ಸುತ್ತು, ಕೊನೆಗೆ ಪ್ರಿಫರೆನ್ಸ್. ಪ್ರತಿ ಸುತ್ತಿನಲ್ಲೂ ಅವರು ಕೆಲವರನ್ನು ಬಿಡುತ್ತಾರೆ, ನೀವೂ ಕೆಲವು ಮನೆಗಳನ್ನು ಬಿಡುತ್ತೀರಿ. ಕೆಲವು ಕಡೆ ಮೊದಲ ಸುತ್ತು ವಿಡಿಯೋದಲ್ಲೇ ನಡೆಯುತ್ತದೆ. ಮಾತಿನಲ್ಲಿ ಚುರುಕಿರುವವರಿಗೆ ಅದು ಹಬ್ಬ, ಸರಿ ಬರುವವರೆಗೆ ಹತ್ತು ಸಲ ರೆಕಾರ್ಡ್ ಮಾಡಬಹುದು.

ಒಳಗೆ ಹೋದ ಕೂಡಲೇ ಹಾಡು, ಚಪ್ಪಾಳೆ, ಕಿರುಚಾಟ. ಒಬ್ಬಳು ಐದು ನಿಮಿಷ ಮಾತಾಡುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬಳು ಬಂದು ಭುಜ ಮುಟ್ಟುತ್ತಾಳೆ, ಮೊದಲಿನವಳು ಮಾಯ. ಎದೆ ಮೇಲೆ ಹೆಸರಿನ ಬ್ಯಾಡ್ಜ್ ಇರುತ್ತದೆ, ಸುರುಳಿ ಸುರುಳಿ ಅಕ್ಷರದಲ್ಲಿ. ಅದನ್ನು ಓದಲು ಕಷ್ಟಪಡುತ್ತಾ ಕಣ್ಣು ಕಿರಿದು ಮಾಡಿದರೆ ಮುಖ ಸಿಟ್ಟಾದ ಹಾಗೆ ಕಾಣುತ್ತದೆ. ಅದಕ್ಕಿಂತ "ಬ್ಯಾಡ್ಜ್ ಓದೋದು ನನಗೆ ನಿಧಾನ, ನಿನ್ನ ಹೆಸರು ಇನ್ನೊಂದು ಸಲ ಹೇಳ್ತೀಯಾ?" ಅಂತ ನಕ್ಕು ಕೇಳುವುದು ಮೇಲು. ನಮ್ಮವಳು ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬಳಂತೂ "ನನ್ನ ಬ್ಯಾಡ್ಜ್ ನನಗೇ ಓದೋಕೆ ಬರಲ್ಲ" ಅಂದಳಂತೆ.

ಸಾಧ್ಯವಾದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಒಂದು ಕಡೆಯ ಸದ್ದಾದರೂ ಕಮ್ಮಿ. ಒಳಗೆ ಫೋನ್ ತೆಗೆಯಬಾರದು ಅಂತ ಹೇಳಿರುತ್ತಾರೆ. ಹೊರಗೆ ಬಂದ ಮೇಲೆ, ಮುಂದಿನ ಮನೆಗೆ ನಡೆಯುತ್ತಾ, ಅರ್ಧ ನಿಮಿಷ ವಾಯ್ಸ್ ರೆಕಾರ್ಡ್ ಮಾಡಿಕೊಳ್ಳಿ. ಮನೆಯ ಹೆಸರು, ಮಾತಾಡಿದ ಒಬ್ಬಳ ಹೆಸರು, ನೆನಪುಳಿದ ಒಂದು ವಿಷಯ. "ಹಳದಿ ಬಾಗಿಲು, ನಾಯಿ ಬಗ್ಗೆ ಮಾತಾಡಿದವಳು, ಆರಾಮಾಗಿತ್ತು", ಅಷ್ಟು ಸಾಕು. ಇದೇನು ಕಳ್ಳತನವಲ್ಲ. ನೀವು ಬಾಗಿಲು ದಾಟಿದ ಮೇಲೆ ಒಳಗಿರುವವರೂ ನಿಮ್ಮ ಬಗ್ಗೆ ಬರೆದಿಟ್ಟುಕೊಳ್ಳುತ್ತಾರೆ.

ಡಿಸ್ಲೆಕ್ಸಿಯಾ ಇದೆ ಅಂತ ಹೇಳಬೇಕಾ? ಐದು ನಿಮಿಷದ ಮಾತಿನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಚ್ಚಿಡಬೇಕು ಅಂತಲ್ಲ. ಆ ಗದ್ದಲದಲ್ಲಿ ಆ ಮಾತಿಗೆ ಜಾಗ ಇರುವುದಿಲ್ಲ. ಪ್ರಿಫರೆನ್ಸ್ ಸುತ್ತಿನಲ್ಲಿ ಒಬ್ಬಳ ಜೊತೆ ಹೊತ್ತು ಕೂತು ಮಾತಾಡಲು ಸಿಗುತ್ತದೆ. ಮನಸ್ಸಿದ್ದರೆ ಆಗ ಹೇಳಿ.

ಪಟ್ಟಿ ಒತ್ತುವ ಮುಂಚೆ ಜೋರಾಗಿ ಓದಿ

ನಮ್ಮವಳು ಎಡವಿದ್ದು ಇಲ್ಲಿ. ಪ್ರತಿ ಸುತ್ತಿನ ಕೊನೆಗೆ ಬೇಕಾದ ಮನೆಗಳು, ಅಷ್ಟೊಂದು ಬೇಡದ ಮನೆಗಳು ಅಂತ ಫೋನಿನಲ್ಲಿ ಆರಿಸಿ ಕಳಿಸಬೇಕು. ಎರಡನೇ ಸುತ್ತಿನ ರಾತ್ರಿ, ಸುಸ್ತಾಗಿ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಒತ್ತಿಬಿಟ್ಟಳು. ಎರಡು ಮನೆಗಳ ಹೆಸರಿನಲ್ಲೂ ಎರಡೆರಡು ಅಕ್ಷರ ಒಂದೇ, ಕ್ರಮ ಮಾತ್ರ ಬೇರೆ. ಇಷ್ಟಪಟ್ಟದ್ದು ಕೆಳಗೆ ಹೋಯಿತು, ಬೇಡದ್ದು ಮೇಲೆ ಬಂತು. ಮಾರನೇ ದಿನದ ವೇಳಾಪಟ್ಟಿಯಲ್ಲಿ ಇಷ್ಟದ ಮನೆ ಇರಲಿಲ್ಲ. ಅದೇ ಕಾರಣವೋ, ಅವರೇ ಬಿಟ್ಟರೋ, ಯಾರಿಗೆ ಗೊತ್ತು. ಅವಳು ಅವತ್ತೇ ರಿಕ್ರೂಟ್‌ಮೆಂಟ್ ಬಿಟ್ಟು ನಮ್ಮ ಮನೆಗೆ ಬಂದು ಎರಡು ತಟ್ಟೆ ಚಿತ್ರಾನ್ನ ತಿಂದು ಮಲಗಿದಳು. ದುಡುಕಬಾರದಿತ್ತು ಅಂತ ಈಗ ಅನಿಸುತ್ತದೆ.

ಇಂಥದ್ದು ಆಗದಿರಲು ಒಬ್ಬರಿದ್ದಾರೆ. ಪ್ರತಿ ಗುಂಪಿಗೂ ಒಬ್ಬಳು ಹಿರಿಯ ವಿದ್ಯಾರ್ಥಿನಿ ಇರುತ್ತಾಳೆ. ಕೆಲವು ಕಡೆ ರೋ ಗಾಮಾ ಅನ್ನುತ್ತಾರೆ, ಕೆಲವು ಕಡೆ ಪೈ ಕೈ. ಆ ವಾರ ತಾನು ಯಾವ ಸೊರಾರಿಟಿಯವಳು ಅಂತ ಅವಳು ಸಾಮಾನ್ಯವಾಗಿ ಹೇಳುವುದಿಲ್ಲ, ಯಾರ ಪರವೂ ಮಾತಾಡುವುದಿಲ್ಲ. ಅವಳ ಎದುರು ಪಟ್ಟಿಯನ್ನು ಜೋರಾಗಿ ಓದಿ, ಅವಳು "ಹೌದು, ಹಾಗೇ ಇದೆ" ಅಂದ ಮೇಲೆ ಒತ್ತಿ.

ಪ್ರಿಫರೆನ್ಸ್ ಮುಗಿದ ಕೂಡಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಯಾವ ಮನೆಗಳನ್ನು ಒಪ್ಪುತ್ತೀರಿ ಅಂತ ಅದರಲ್ಲಿ ಬರೆಯಬೇಕು. ಬರೆದ ಮನೆಯಿಂದ ಕರೆ ಬಂದು, ನೀವು ಬೇಡ ಅಂದರೆ, ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೆ ಆ ಕಾಲೇಜಿನಲ್ಲಿ 26ರ ಪೈಕಿ ಬೇರೆ ಯಾವುದಕ್ಕೂ ಸೇರುವ ಹಾಗಿಲ್ಲ. ಒಂದು ಮನೆ ಖಂಡಿತ ಬೇಡ ಅನಿಸಿದರೆ ಅದನ್ನು ಬರೆಯಲೇಬೇಡಿ. ಪ್ರತಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಅತ್ತು ಕೆಂಪಾದ ಕಣ್ಣಿನಲ್ಲಿ, ಸುತ್ತ ಮೂವತ್ತು ಜನ ಕೂತಿರುವಾಗ, ಮೊದಲ ಸಲ ಓದುವ ಕಾಗದವಲ್ಲ ಅದು.

ಹಿಂಬಾಗಿಲು ಅನ್ನಬೇಡಿ, ಪಕ್ಕದ ಬಾಗಿಲು

ಕಂಟಿನ್ಯುಯಸ್ ಓಪನ್ ಬಿಡ್ಡಿಂಗ್ ಅಂತ ಒಂದಿದೆ. ದೊಡ್ಡ ರಿಕ್ರೂಟ್‌ಮೆಂಟ್ ಮುಗಿದ ಮೇಲೂ ಜಾಗ ಉಳಿದಿರುವ ಸೊರಾರಿಟಿಗಳು ತಾವಾಗಿಯೇ ಹುಡುಗಿಯರನ್ನು ಕರೆಯುತ್ತವೆ. ಹಾಡಿಲ್ಲ, ಸಾಲಿಲ್ಲ, ಆ್ಯಪ್ ಇಲ್ಲ. ಮೂರು ನಾಲ್ಕು ಜನ ಕಾಫಿಗೋ ಊಟಕ್ಕೋ ಕರೆದುಕೊಂಡು ಹೋಗಿ ಮಾತಾಡುತ್ತಾರೆ. ಉಳಿದವರಿಗೆ ಉಳಿದದ್ದು ಅಂತ ಇದನ್ನು ಕೀಳಾಗಿ ನೋಡುವವರಿದ್ದಾರೆ. ನನ್ನನ್ನು ಕೇಳಿದರೆ ಕಲಿಕೆಯ ತೊಂದರೆ ಇರುವ ಹುಡುಗಿಗೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಒಂದು ಸೆಮಿಸ್ಟರ್‌ನ ಅಂಕ ಕೈಯಲ್ಲಿರುತ್ತದೆ, ಡಿಸಬಿಲಿಟಿ ಆಫೀಸಿನ ಕೆಲಸ ಮುಗಿದಿರುತ್ತದೆ, ಕ್ಯಾಂಪಸ್ ಪರಿಚಯ ಆಗಿರುತ್ತದೆ. ನಮ್ಮವಳು ಜನವರಿಯಲ್ಲಿ ಹೀಗೇ ಸೇರಿದಳು. ಮೂರು ಊಟ, ಆರು ಹೆಸರು.

ಬಾಯಿಪಾಠದ ವಾರಗಳು

ಕರೆ ಒಪ್ಪಿಕೊಂಡ ಮೇಲೆ ಕೆಲವು ವಾರ ಹೊಸ ಸದಸ್ಯೆಯರಿಗೆ ಪಾಠ. ಸ್ಥಾಪನೆಯ ದಿನ, ಸ್ಥಾಪಕಿಯರು, ಲಾಂಛನ, ಗ್ರೀಕ್ ವರ್ಣಮಾಲೆ. ಕೊನೆಗೆ ಒಂದು ಪರೀಕ್ಷೆ.

ಗ್ರೀಕ್ ದೊಡ್ಡಕ್ಷರಗಳು ಡಿಸ್ಲೆಕ್ಸಿಯಾ ಇರುವವರನ್ನು ಗೋಳು ಹುಯ್ದುಕೊಳ್ಳಲೆಂದೇ ಹುಟ್ಟಿದ ಹಾಗಿವೆ. ಡೆಲ್ಟಾ ಅಂದರೆ ತ್ರಿಕೋನ. ಲ್ಯಾಮ್ಡಾ ಅದೇ ತ್ರಿಕೋನ, ಕೆಳಗಿನ ಗೆರೆ ಇಲ್ಲ. ಆ ಗೆರೆಯನ್ನು ನಡುವಿಗೆ ಏರಿಸಿದರೆ ಆಲ್ಫಾ. ರೋ ನೋಡಲು ಇಂಗ್ಲಿಷಿನ ಪಿ, ಈಟಾ ನೋಡಲು ಎಚ್. ಕನ್ನಡದಲ್ಲಿ ಥ, ಧ, ಢ ನೋಡಿ ಅತ್ತವಳು ಇವಳು. ಶನಿವಾರ ನಮ್ಮ ಮನೆಗೆ ಬಂದು ಫ್ಲ್ಯಾಶ್ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಎಸೆದಳು.

ಸ್ಟೀಲ್ ತಟ್ಟೆ ತೆಗೆದು ಒಂದು ಪಾವು ಸೋನಾ ಮಸೂರಿ ಹರಡಿದೆ. "ಪುಟ್ಟೀ, ನಿನ್ನ ಅಕ್ಷರಾಭ್ಯಾಸ ಇನ್ನೊಂದು ಸಲ ಮಾಡೋಣ" ಅಂದೆ. ನಕ್ಕಳು, ಆದರೆ ಬೆರಳಿಟ್ಟಳು. ಅಕ್ಕಿಯಲ್ಲಿ ತ್ರಿಕೋನ ಎಳೆದು ಡೆಲ್ಟಾ, ತಳ ಅಳಿಸಿ ಲ್ಯಾಮ್ಡಾ. ಬೆರಳು, ಕಣ್ಣು, ಬಾಯಿ ಮೂರೂ ಒಟ್ಟಿಗೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಾಗಿಯೇ ಇರುವ ಆರ್ಟನ್-ಗಿಲಿಂಗ್‌ಹ್ಯಾಮ್ ಪದ್ಧತಿಯಲ್ಲೂ ಮರಳಿನ ಮೇಲೆ ಹೀಗೇ ಬರೆಸುತ್ತಾರೆ. ನಮ್ಮ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ.

ಕ್ರಮ ನೆನಪಿಡಲು ಅವಳೇ ದಾರಿ ಹುಡುಕಿದಳು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತಿದ್ದಳು. ಆದಿತಾಳಕ್ಕೆ ಎಂಟು ಅಕ್ಷರ, ಗ್ರೀಕಿಗೆ ಇಪ್ಪತ್ನಾಲ್ಕು. ಮೂರು ಆವರ್ತನಕ್ಕೆ ಸರಿ. ಆಲ್ಫಾದಿಂದ ಥೀಟಾವರೆಗೆ ಒಂದು, ಐಯೋಟಾದಿಂದ ಪೈವರೆಗೆ ಒಂದು, ರೋದಿಂದ ಒಮೆಗಾವರೆಗೆ ಒಂದು. ತೊಡೆ ಮೇಲೆ ತಾಳ ಹಾಕುತ್ತಾ ಹೇಳಿದಳು, ಎರಡನೇ ದಿನಕ್ಕೆ ತಪ್ಪಲಿಲ್ಲ. ತಾಳ ಗೊತ್ತಿಲ್ಲದವರು ಯಾವುದಾದರೂ ಹಾಡಿನ ಧಾಟಿಗೆ ಕೂರಿಸಿಕೊಳ್ಳಬಹುದು.

ಪರೀಕ್ಷೆಗೆ ಹೊಸ ಸದಸ್ಯೆಯರನ್ನು ನೋಡಿಕೊಳ್ಳುವವಳ ಹತ್ತಿರ ಹೋಗಿ, "ಉತ್ತರ ಬಾಯಲ್ಲಿ ಹೇಳಲಾ?" ಅಂತ ಕೇಳಿ. ಬರೆಯಲೇಬೇಕು ಅಂದರೆ ಜಾಸ್ತಿ ಸಮಯ ಕೇಳಿ. ಪಾಠದ ಪುಸ್ತಕ ಕಂಪ್ಯೂಟರ್ ಓದುವ ರೂಪದಲ್ಲಿ ಸಿಗುತ್ತದಾ ಅಂತ ವಿಚಾರಿಸಿ. ಒಂದು ಎಚ್ಚರಿಕೆ: ಪೂರ್ತಿ ಸದಸ್ಯೆಯಾಗಿ ಸೇರಿಸಿಕೊಳ್ಳುವ ಇನಿಷಿಯೇಷನ್ ವಿಧಿ ಗುಟ್ಟಿನದು. ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದರೆ ಒಪ್ಪುವುದಿಲ್ಲ, ಕದ್ದು ಮಾಡಿದರೆ ಹೊರಗೇ. ಅಲ್ಲಿ ಓದಬೇಕಾದ ಸಾಲು ಇದ್ದರೆ ಪಕ್ಕದಲ್ಲೊಬ್ಬಳು ಮೊದಲು ಹೇಳಲಿ, ನಾನು ಹಿಂದೆ ಹೇಳುತ್ತೇನೆ ಅಂತ ಕೇಳಬಹುದು.

ಬಾಯಿಪಾಠ ತಪ್ಪಿದರೆ ನಿಲ್ಲಿಸಿ ನಗುವುದು, ನಿದ್ದೆ ಕೆಡಿಸುವುದು, ಶಿಕ್ಷೆ ಕೊಡುವುದು, ಇವೆಲ್ಲ ಹೇಜಿಂಗ್. "ನನಗೆ ಓದೋಕೆ ಬರಲ್ಲ, ಅದಕ್ಕೇ ಬೈತಾರೆ" ಅಂತ ತಪ್ಪನ್ನು ತಲೆ ಮೇಲೆ ಎಳೆದುಕೊಳ್ಳುವ ಹುಡುಗಿಯರು ಇಲ್ಲೇ ಸಿಕ್ಕಿಬೀಳುವುದು. 2024ರ ಡಿಸೆಂಬರಿನಲ್ಲಿ ಬಂದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯ ಪ್ರಕಾರ ತಪ್ಪು ಮಾಡಿದ ಸಂಘಗಳ ವಿವರವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಸೇರುವ ಮೊದಲೇ ಆ ಪುಟ ನೋಡಿ. ಹೆಸರು ಹೇಳದೆ ದೂರು ಕೊಡಲು 888-668-4293 ಅನ್ನುವ ಸಹಾಯವಾಣಿ ಇದೆ.

ದಿನನಿತ್ಯ

ವಾರಕ್ಕೊಂದು ಮೀಟಿಂಗ್, ಓದಿನ ಗಂಟೆಗಳು, ಸೇವಾಕಾರ್ಯ, ಪಾರ್ಟಿ. ತಪ್ಪಿಸಿಕೊಂಡರೆ ಪಾಯಿಂಟ್ ಹೋಗುತ್ತದೆ, ಕೆಲವು ಕಡೆ ದಂಡವೂ ಉಂಟು. ಗುಂಪಿನ ಚಾಟಿನಲ್ಲಿ ದಿನಕ್ಕೆ ನೂರು ಮೆಸೇಜ್. ಅದರಲ್ಲಿ ಬೇಕಾದದ್ದು ಎರಡು. ಎಲ್ಲವನ್ನೂ ಓದುತ್ತೇನೆ ಅಂತ ಹಟ ಮಾಡಬೇಡಿ. ನಿಮಗೆ ಒಬ್ಬಳು ಬಿಗ್ ಸಿಗುತ್ತಾಳೆ, ಅಂದರೆ ಸಂಘದಲ್ಲಿನ ಅಕ್ಕ. ನಮ್ಮವಳ ಬಿಗ್ ಪ್ರತಿ ಭಾನುವಾರ ರಾತ್ರಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾಳೆ: ಈ ವಾರ ಇಂಥ ದಿನ ಇಂಥದ್ದು, ಬಿಳಿ ಬಟ್ಟೆ ಬೇಕು, ಇದಕ್ಕೆ ಬರದಿದ್ದರೂ ನಡೆಯುತ್ತದೆ. ಕೇಳಿಕೊಂಡೇ ಕ್ಯಾಲೆಂಡರಿಗೆ ಹಾಕಿಕೊಳ್ಳುತ್ತಾಳೆ.

ಓದಿನ ಗಂಟೆಗೆ ಎಲ್ಲರೂ ಒಂದೇ ಹಾಲಿನಲ್ಲಿ ಕೂರಬೇಕು ಅನ್ನುವ ನಿಯಮ ಇದ್ದರೆ, ಡಿಸಬಿಲಿಟಿ ಆಫೀಸಿನ ಶಾಂತ ಕೋಣೆಯಲ್ಲಿ ಕೂತದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಓದಿನ ವಿಷಯ ನೋಡಿಕೊಳ್ಳುವವಳಿಗೆ ಹೇಳಿ.

ಸರಿಬರದಿದ್ದರೆ

ಕರೆ ಒಪ್ಪಿದ ದಿನಕ್ಕೂ ಇನಿಷಿಯೇಷನ್‌ಗೂ ನಡುವೆ ಇರುವ ವಾರಗಳೇ ನಿಮ್ಮ ಪರೀಕ್ಷಾ ಕಾಲ. ಅಷ್ಟರೊಳಗೆ ಬಿಟ್ಟರೆ ಮುಂದಿನ ವರ್ಷ ಇನ್ನೊಂದು ಕಡೆ ಪ್ರಯತ್ನಿಸಬಹುದು. ಇನಿಷಿಯೇಷನ್ ಆದ ಮೇಲೆ ಬಿಟ್ಟರೆ ಆ 26ರಲ್ಲಿ ಬೇರೆ ಯಾವುದಕ್ಕೂ ಜೀವನದಲ್ಲಿ ಸೇರುವ ಹಾಗಿಲ್ಲ. ಹಾಗಾಗಿ ಆ ದಿನಕ್ಕೆ ಒಂದು ವಾರ ಇರುವಾಗ ಕೂತು ಲೆಕ್ಕ ಹಾಕಿ. ಕ್ಲಾಸುಗಳ ಅಂಕ ಇಳಿದಿದೆಯಾ? ಎಷ್ಟು ರಾತ್ರಿ ನಿದ್ದೆ ಕೆಟ್ಟಿತು? ಕೇಳಿದ್ದಕ್ಕೆ ಎಷ್ಟು ಸಲ ಆಯ್ತು ಅಂದರು, ಎಷ್ಟು ಸಲ ಕಣ್ಣು ತಿರುಗಿಸಿದರು?

ನಮ್ಮವಳು ಈ ಲೆಕ್ಕವನ್ನೂ ಬರೆಯಲಿಲ್ಲ. ಫೋನಿನಲ್ಲಿ ಹನ್ನೊಂದು ನಿಮಿಷದ ಒಂದು ರೆಕಾರ್ಡಿಂಗ್ ಮಾಡಿ ನನಗೆ ಕಳಿಸಿದಳು. ಅಡುಗೆ ಮಾಡುತ್ತಾ ಕೇಳಿದೆ. ಎಂಟನೇ ನಿಮಿಷದ ಹತ್ತಿರ ಹಿಂದಿನಿಂದ ಯಾರೋ ಹುಡುಗಿ ಅವಳ ಹೆಸರು ಕೂಗಿ ಊಟಕ್ಕೆ ಕರೆಯುವುದು ಕೇಳಿಸಿತು. ಹೆಸರಿನ ಉಚ್ಚಾರ ಸರಿಯಾಗಿತ್ತು.